ಗುಡ್ಡದ ಪರದೆ ಮತ್ತು ನಾನು ಬರೆದ ಮೋಡ

ಪರದೆ ಬರೆಯುವವನ ದಿನ ಕುಂಚ ಹಿಡಿಯುವುದರಿಂದ ಶುರುವಾಗುವುದಿಲ್ಲ, ಅಂಟು ಕುದಿಸುವುದರಿಂದ ಶುರುವಾಗುತ್ತದೆ. ಚಿತ್ರಕಲೆ ಕಲಿತು ನಾಟಕದ ಕೆಲಸಕ್ಕೆ ಇಳಿಯಬೇಕೆಂದಿರುವ ಹುಡುಗ ಹುಡುಗಿಯರು ಈಗೀಗ ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಬಣ್ಣದ ಬಗ್ಗೆ ಕೇಳುತ್ತಾರೆ, ಬೆಳಕಿನ ಬಗ್ಗೆ ಕೇಳುತ್ತಾರೆ. ಸರೇಸಿನ ಬಗ್ಗೆ ಒಬ್ಬರೂ ಕೇಳುವುದಿಲ್ಲ. ಚರ್ಮ, ಎಲುಬು ಬೇಯಿಸಿ ಮಾಡಿದ ಆ ಅಂಟಿನ ತುಂಡುಗಳನ್ನು ನೀರಲ್ಲಿ ನೆನೆಹಾಕಿ, ಸಣ್ಣ ಉರಿಯಲ್ಲಿ ಕರಗಿಸಬೇಕು. ಅದರ ನಾತಕ್ಕೆ ಬೀದಿ ನಾಯಿಗಳೆಲ್ಲ ಬಾಗಿಲಿಗೆ ಬಂದು ಕೂರುತ್ತಿದ್ದವು. ಪುಡಿ ಬಣ್ಣವನ್ನು ಅದರಲ್ಲಿ ಕಲಸಿದರೇನೇ ಬಟ್ಟೆಗೆ ಹಿಡಿಯುವುದು. ಅಂಟು ಕಮ್ಮಿಯಾದರೆ ಪರದೆ ಸುತ್ತಿದಾಗ ಬಣ್ಣ ಉದುರುತ್ತದೆ, ಹೆಚ್ಚಾದರೆ ಹಪ್ಪಳದಂತೆ ಬಿರಿಯುತ್ತದೆ. ಮೂವತ್ತು ವರ್ಷ ಕಲಸಿದವನಿಗೂ ಒಂದೊಂದು ಸಲ ಹದ ತಪ್ಪುತ್ತದೆ.

ನನ್ನನ್ನು ಬಸವಕಲ್ಯಾಣದಲ್ಲಿ ಎಲ್ಲರೂ ಪೇಂಟರ್ ಚನ್ನಪ್ಪ ಎನ್ನುತ್ತಿದ್ದರು. ಕರ್ನಾಟಕ ಒಂದಾದ ವರ್ಷ ನಾನು ಈ ಕೆಲಸಕ್ಕೆ ಸೇರಿದೆ. ಆಗ ನನಗೆ ಇಪ್ಪತ್ತು. ಶಾಲೆಯಲ್ಲಿ ಕಲಿತದ್ದೆಲ್ಲ ಉರ್ದು, ಏಕೆಂದರೆ ನಿಜಾಮರ ಕಾಲದ ಶಾಲೆ. ಮನೆಯಲ್ಲಿ ಮಾತಾಡುವುದು ಕನ್ನಡ, ಬರೆಯಲು ಬರುವುದು ಉರ್ದು. ಕಲ್ಯಾಣದ ಅಂಗಡಿಗಳ ಹಲಗೆಗಳೆಲ್ಲ ಕನ್ನಡಕ್ಕೆ ತಿರುಗುವ ಕಾಲದಲ್ಲಿ ನಾನು ನನ್ನ ತಾಯಿನುಡಿಯ ಅಕ್ಷರಗಳನ್ನು ಚಿತ್ರ ಬರೆದಂತೆ ಬರೆದು ಕಲಿತೆ. ಇದನ್ನು ಹೇಳಲು ಕಾರಣವಿದೆ. ಉರ್ದು ಓದಲು ಬರುತ್ತಿತ್ತು ಎನ್ನುವುದೇ ಮುಂದೆ ನನ್ನ ಕುತ್ತಿಗೆಗೆ ಬಂತು.

ಗುರು ವಿಠಲರಾವ್ ಮೇಸ್ತ್ರಿ. ಸೊಲ್ಲಾಪುರದ ಕಡೆಯವರು, ಕಲ್ಯಾಣಕ್ಕೆ ಬಂದು ಹಳೆಯ ಹತ್ತಿ ಗೋದಾಮೊಂದನ್ನು ಬಾಡಿಗೆ ಹಿಡಿದಿದ್ದರು. ಅದರ ಗೋಡೆ ಇಪ್ಪತ್ತು ಅಡಿ ಎತ್ತರ, ಅದಕ್ಕೆ ಬಟ್ಟೆ ಬಿಗಿದು ಏಣಿ ಹತ್ತಿ ಬರೆಯುವುದು. ಕೈಗಿಂತ ಬಾಯಿ ಜೋರು. ನನ್ನ ಮೊದಲ ದರ್ಬಾರಿನ ಪರದೆಯ ಕಥೆಯನ್ನು ಅವರು ಸಾಯುವತನಕ ಹೇಳಿಕೊಂಡು ನಕ್ಕರು. ಪುರಾಣದ ರಾಜನ ಆಸ್ಥಾನ ಬರೆಯಲು ಹೇಳಿದ್ದರು. ನಾನು ಹೈದರಾಬಾದಿನ ಯಾವುದೋ ನವಾಬರ ದಿವಾಣಖಾನೆಯ ಫೋಟೋ ಇಟ್ಟುಕೊಂಡು, ಕಂಬ, ಕಮಾನು, ಜಾಲರಿಗಳ ಜೊತೆಗೆ ಗೋಡೆಯ ಮೇಲಿದ್ದ ದೊಡ್ಡ ಗಡಿಯಾರವನ್ನೂ ಹಾಗೇ ಇಳಿಸಿಬಿಟ್ಟೆ. ಆಟದ ದಿನ ರಾಜ ಸಿಂಹಾಸನದಲ್ಲಿ ಕೂತು ಮಾತು ಎತ್ತಿದ್ದೇ ತಡ, ಮುಂದೆ ಕೂತಿದ್ದ ಒಬ್ಬ ಮುದುಕ ಎದ್ದು ನಿಂತು, "ಮಹಾರಾಜ್ರ, ಹಿಂದ ನೋಡ್ರಿ, ಹತ್ತ ಹೊಡದದ. ಲಗೂ ಮುಗಸ್ರಿ, ಬಸ್ ಹೋಗ್ತದ," ಎಂದ. ಆಮೇಲೆ ರಾಜ ಏನು ಹೇಳಿದನೋ ಯಾರಿಗೂ ಕೇಳಿಸಲಿಲ್ಲ.

ಮೇಸ್ತ್ರಿ ಮರುದಿನ ಬೆಳಿಗ್ಗೆ ನನ್ನ ಕೈಗೆ ಕುಂಚ ಕೊಟ್ಟು, "ಗಡಿಯಾರದ ಮ್ಯಾಲ ಢಾಲ ಬರಿ," ಎಂದರು. ಗುಂಡನೆಯ ಗಡಿಯಾರ ಗುಂಡನೆಯ ಗುರಾಣಿಯಾಯಿತು. "ನಮ್ಮ ಧಂದೇದಾಗ ಅಳಸೂದು ಇಲ್ಲ, ಚನ್ನಪ್ಪ. ತಪ್ಪಾತಂದ್ರ ಅದರ ಮ್ಯಾಲ ಇನ್ನೊಂದು ಬರಿ. ನೋಡಾವ್ರಿಗಿ ಮ್ಯಾಲಿಂದಷ್ಟೇ ಕಾಣಸ್ತದ." ಈ ಪಾಠವನ್ನು ನಾನು ಎಷ್ಟು ಚೆನ್ನಾಗಿ ಕಲಿತೆನೆಂದರೆ ಬಟ್ಟೆಯ ಹೊರಗೂ ಅದನ್ನೇ ಮಾಡಿದೆ.

ಇನ್ನೊಂದು ರೂಢಿಯನ್ನೂ ಹೇಳಬೇಕು. ಚಿಕ್ಕ ಚಿತ್ರ ನೋಡಿ ದೊಡ್ಡ ಪರದೆ ಬರೆಯುವಾಗ ಆ ಚಿಕ್ಕ ಚಿತ್ರಕ್ಕೆ ನಾವು ನಮೂನೆ ಎನ್ನುತ್ತಿದ್ದೆವು. ಹೆಚ್ಚಾಗಿ ಕ್ಯಾಲೆಂಡರಿನ ಹಾಳೆ. ಏಣಿಯ ಮೇಲೆ ಗಾಳಿಗೆ ಅದು ಹಾರಬಾರದಲ್ಲ, ಅದಕ್ಕೆ ಒಂದು ಹಲಗೆಗೆ ಖಳಿ, ಅಂದರೆ ಮೈದಾ ಹಿಟ್ಟು ಕುದಿಸಿದ ಅಂಟು, ಬಳಿದು ಅದರ ಮೇಲೆ ಹಾಳೆ ಒತ್ತಿಬಿಡುವುದು. ಖಳಿ ಹಚ್ಚುವುದು ಹಲಗೆಗೆ, ಕಾಗದಕ್ಕಲ್ಲ. ನಂತರ ಹಲಗೆಯ ಅಂಚಿಗೆ ಮೊಳೆ ಹೊಡೆದು ದಾರ ಎಳೆದು ಚೌಕ ಮಾಡುವುದು. ನಮೂನೆಯ ಒಂದು ಚೌಕದಲ್ಲಿ ಏನಿದೆಯೋ ಪರದೆಯ ಒಂದು ಚೌಕದಲ್ಲಿ ಅದೇ. ಕೆಲಸ ಮುಗಿದ ಮೇಲೆ ಹಾಳೆಯನ್ನು ಕೆರೆದು ಬಿಸಾಡಿ ಹಲಗೆ ತೊಳೆದಿಡುವುದು. ನೂರಾರು ದೇವರುಗಳನ್ನು, ಕಾಶ್ಮೀರದ ಸರೋವರಗಳನ್ನು ಹೀಗೆ ಕೆರೆದು ಎಸೆದಿದ್ದೇನೆ.

ನಾನು ಕೆಲಸಕ್ಕೆ ಸೇರಿ ಐದಾರು ವರ್ಷವಾಗಿತ್ತು. ರಾಜೇಶ್ವರದ ರೈತರು ಕೂಡಿಕೊಂಡು ನಾಟಕದ ಮಂಡಳಿ ಕಟ್ಟಿದ್ದರು. ಶರಣರು ಕಲ್ಯಾಣ ಬಿಟ್ಟು ಹೋಗುವ ನಾಟಕ. ಮಂಡಳಿಯ ಹಿರಿಯರಾದ ಶಿವರಾಯ ಪಾಟೀಲರು ಗೋದಾಮಿಗೆ ಬಂದು ಕೂತು ತಮ್ಮ ಬೇಡಿಕೆ ಇಟ್ಟರು.

"ಕಾಡಿನ ಪರದೆ ಎಲ್ಲಾರ ಬಲ್ಲೂ ಅದ. ನಮಗ ಗುಡ್ಡ ಬೇಕು. ಶರಣರು ಗುಡ್ಡ ಹತ್ತಿ ಇಳದು ಹೋದ್ರು ಅಂತ ಮಂದೀಗಿ ಕಾಣಬೇಕು. ಕಣ್ಣಾಗ ನೀರ ಬರಬೇಕು."

ಮೇಸ್ತ್ರಿ ಬಣ್ಣ ತರಲು ಸೊಲ್ಲಾಪುರಕ್ಕೆ ಹೋಗಿದ್ದವರು ಅಲ್ಲೇ ಜ್ವರ ಹಿಡಿದು ಮಲಗಿದ್ದರು. ನಾನು ಗುಡ್ಡ ಕಂಡವನಲ್ಲ. ನಮ್ಮ ಕಡೆ ನೆಲ ಅಂಗೈಯಂತೆ ಚಪ್ಪಟೆ. ದಿಣ್ಣೆಗೇ ಗುಡ್ಡವೆಂದು ಹೆಸರಿಟ್ಟು ಸಮಾಧಾನ ಮಾಡಿಕೊಳ್ಳುವ ಜನ ನಾವು. ನನ್ನ ಮುಖ ನೋಡಿ ಪಾಟೀಲರೇ ದಾರಿ ತೋರಿಸಿದರು. "ಹುಮನಾಬಾದದಾಗ ಸಂಗಪ್ಪ ಸಾಹುಕಾರ್ರ ಮನ್ಯಾಗ ಒಂದು ಚಿತ್ರ ಅದ. ಜಪಾನಿಂದಂತ. ಗುಡ್ಡ ಅಂದ್ರ ಅದು ಗುಡ್ಡ. ನಾ ಹೇಳ್ತೀನಿ, ಹೋಗಿ ತಗೊಂಡ್ ಬಾ."

ಸಂಗಪ್ಪ ಸಾಹುಕಾರರದು ಹುಮನಾಬಾದದಲ್ಲಿ ತೊಗರಿ, ಜೋಳದ ವ್ಯಾಪಾರ. ಮನೆಯಲ್ಲಿ ಅವರು, ಮತ್ತು ಚಿಕ್ಕ ವಯಸ್ಸಿನಲ್ಲೇ ಗಂಡ ತೀರಿ ತವರಿಗೆ ಬಂದಿದ್ದ ಮಗಳು ನಾಗಮ್ಮ. ನನಗಿಂತ ಒಂದೆರಡು ವರ್ಷಕ್ಕೆ ದೊಡ್ಡವರಿರಬೇಕು. ಚಿತ್ರ ಪಡಸಾಲೆಯ ಗೋಡೆಯಲ್ಲಿತ್ತು. ಚೌಕಟ್ಟಿಲ್ಲ, ಗಾಜಿಲ್ಲ, ಮೇಲೊಂದು ಕೆಳಗೊಂದು ಬಿದಿರ ಕಡ್ಡಿಗೆ ಸಿಕ್ಕಿಸಿ ಇಳಿಬಿಟ್ಟಿದ್ದರು.

ಅದರ ಮುಂದೆ ನಾನು ಎಷ್ಟು ಹೊತ್ತು ನಿಂತೆನೋ ಗೊತ್ತಿಲ್ಲ. ಒಂದು ಘಟ್ಟದ ದಾರಿ. ಹುಲ್ಲಿನ ಟೋಪಿ ಹಾಕಿಕೊಂಡ ಐದು ಜನ ಎದುರುಗಾಳಿಗೆ ಬಗ್ಗಿ ಏರುತ್ತಿದ್ದಾರೆ. ಹೇರು ಹೊತ್ತ ಒಂದು ಕುದುರೆ, ಅದರ ಕೊರಳೂ ಬಗ್ಗಿದೆ. ಪಕ್ಕದಲ್ಲಿ ಸೊಟ್ಟಗೆ ಬೆಳೆದ ಮರ, ಹಿಂದೆ ಗುಡ್ಡದ ಮೇಲೆ ಗುಡ್ಡ, ಎಲ್ಲಕ್ಕಿಂತ ಆಚೆ ಒಂದು ಬಿಳಿಯ ಶಿಖರ. ಜನರ ಮುಖವೇ ಕಾಣುವುದಿಲ್ಲ, ಆದರೂ ಯಾರು ಎಷ್ಟು ದಣಿದಿದ್ದಾರೆಂದು ಕಾಲು ನೋಡಿ ಹೇಳಬಹುದು. ಮತ್ತೆ ಆ ಆಕಾಶದ ನೀಲಿ. ಮೇಲೆ ಗಾಢವಾಗಿ ಶುರುವಾಗಿ ಕೆಳಗಿಳಿಯುತ್ತ ಇಳಿಯುತ್ತ ಎಲ್ಲಿ ಮುಗಿಯಿತೆಂದೇ ತಿಳಿಯದಂತೆ ಬಿಳಿಯಾಗುತ್ತದೆ. ಕುಂಚದ ಗುರುತು ಒಂದೂ ಇಲ್ಲ. ಇದನ್ನು ಯಾವ ಕುಂಚದಲ್ಲಿ ಬರೆದರಪ್ಪ ಎಂದು ನನ್ನ ತಲೆ ತಿರುಗುತ್ತಿತ್ತು.

ಅದು ಬರೆದದ್ದೇ ಅಲ್ಲ ಎಂದು ತಿಳಿದದ್ದು ಬಹಳ ವರ್ಷದ ಮೇಲೆ, ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರರು ಹೇಳಿದಾಗ. ಒಂದೊಂದು ಬಣ್ಣಕ್ಕೆ ಒಂದೊಂದು ಮರದ ಹಲಗೆ ಕೆತ್ತಿ, ಅದಕ್ಕೆ ನೀರುಬಣ್ಣ ಹಚ್ಚಿ, ತೆಳು ಕಾಗದದ ಮೇಲೆ ಒತ್ತುತ್ತಾರಂತೆ. ಬಣ್ಣ ಕಾಗದದ ಮೇಲೆ ಕೂರುವುದಿಲ್ಲ, ಒಳಗೆ ಇಳಿಯುತ್ತದೆ. ಮೊದಲೇ ತಿಳಿದಿದ್ದರೆ ಎಂದು ಈಗಲೂ ಅಂದುಕೊಳ್ಳುತ್ತೇನೆ.

ಪಾಟೀಲರ ಹೆಸರು ಹೇಳಿದ ಮೇಲೆ ಸಾಹುಕಾರರು ಇಲ್ಲವೆನ್ನಲಿಲ್ಲ. "ಎಂಟ ದಿನದಾಗ ವಾಪಸ್ ಬರಬೇಕು," ಎಂದು ಹೇಳಿ ಅಂಗಡಿಗೆ ಬಂದವರೊಡನೆ ಮಾತಿಗೆ ಕೂತರು. ಚಿತ್ರವನ್ನು ಹಳೆಯ ಧೋತರದಲ್ಲಿ ಸುತ್ತಿ ತಂದುಕೊಟ್ಟವರು ನಾಗಮ್ಮ. ಹೊರಬಾಗಿಲವರೆಗೆ ಬಂದು, ದನಿ ಇಳಿಸಿ ಕೇಳಿದರು.

"ನಿಮಗ ಉರ್ದು ಓದಾಕ ಬರ್ತದೇನ್ರಿ ಪೇಂಟರ್ರ?"

"ಬರ್ತದ್ರಿ ಅಕ್ಕಾರ. ಸಾಲಿ ಕಲ್ತದ್ದೇ ಅದು."

"ಇದರ ಹಿಂದಿನ ಬಾಜೂಕ ನಮ್ಮಣ್ಣ ಬರದಾನ. ಮಾಣಿಕಪ್ಪ ಅಂತ. ಅಪ್ಪಾರ ಜೋಡಿ ಜಗಳಾಡಿ ಬೊಂಬಾಯಿಗಿ ಹೋದ, ಅಲ್ಲಿಂದ ಜಹಾಜಿನ ಅಡಗೀಮನಿ ಸೇರ್ದ. ಇದು ಆವನೇ ಕಳಿಸಿದ್ದು. ಅಪ್ಪಾರಿಗಿ ಗೊತ್ತಿಲ್ಲ, ಬೊಂಬಾಯಿಂದ ತಂದುಕೊಟ್ಟ ವ್ಯಾಪಾರಿ ತಾನೇ ಕೊಟ್ಟಿದ್ದಂತ ತಿಳದಾರ. ಗೊತ್ತಾದ್ರ ಒಲಿಗಿ ಹಾಕ್ತಾರ. ನನಗ ಉರ್ದು ಬರಲ್ಲ. ಓಣ್ಯಾಗ ಓದಾವ್ರೆಲ್ಲ ಅಪ್ಪಾರ ದೋಸ್ತರು. ಮೂರು ವರ್ಷ ಆತು, ಏನ್ ಬರದಾನೋ ಗೊತ್ತಿಲ್ಲ. ನೀವು ಓದಿ, ವಾಪಸ್ ತಂದಾಗ ನನಗಷ್ಟೇ ಹೇಳ್ರಿ."

"ಆತ್ರಿ ಅಕ್ಕಾರ," ಎಂದೆ. ಹೇಳುವುದೇನೋ ಹೇಳಿದೆ. ಆದರೆ ನನ್ನ ಮನಸ್ಸು ಧೋತರದೊಳಗಿನ ಆ ನೀಲಿಯಲ್ಲಿ ಮುಳುಗಿತ್ತು. ಕಲ್ಯಾಣದ ಬಸ್ಸು ಹತ್ತಿ ಕೂತಾಗ ಅದನ್ನು ಹೇಗೆ ಕಲಸುವುದು, ಎಷ್ಟು ಬಿಳಿ ಸಫೇದ ಹಾಕುವುದು ಎಂದೇ ಯೋಚಿಸುತ್ತಿದ್ದೆ. ಮೂರು ವರ್ಷದಿಂದ ಒಬ್ಬ ಹೆಂಗಸು ಕಾಯ್ದುಕೊಂಡಿದ್ದ ಮಾತು ಬಸ್ಸು ಊರು ದಾಟುವಷ್ಟರಲ್ಲಿ ನನ್ನ ತಲೆಯಿಂದ ಇಳಿದುಹೋಗಿತ್ತು.

ಗೋದಾಮಿಗೆ ಬಂದವನೇ ಖಳಿ ಕಾಯಿಸಿದೆ. ಹಲಗೆಗೆ ಬಳಿದೆ. ಕಡ್ಡಿ ಬಿಚ್ಚಿ ಚಿತ್ರವನ್ನು ಅದರ ಮೇಲೆ ಒತ್ತಿ, ಅಂಗೈಯಿಂದ ನೀವಿ, ಗುಳ್ಳೆ ತೆಗೆದು, ಬಿಸಿಲಿಗೆ ಆನಿಸಿಟ್ಟೆ. ಆರು ವರ್ಷ ಮಾಡಿದ ಕೆಲಸ, ಕೈ ತಾನಾಗಿಯೇ ಮಾಡಿತು. ಹಾಳೆ ತಿರುಗಿಸಿ ನೋಡುವ ಪ್ರಸಂಗವೇ ಬರಲಿಲ್ಲ. ಪರದೆಯವರಿಗೆ ಹಿಂಭಾಗ ಅನ್ನುವುದೇ ಇರುವುದಿಲ್ಲ.

ಮರುದಿನ ಬೆಳಿಗ್ಗೆ ದಾರ ಎಳೆಯಲು ಹಲಗೆ ಎತ್ತಿದಾಗ ಆಕಾಶದಲ್ಲಿ ಏನೋ ಕಂಡಿತು. ಬಿಳಿಯ ಶಿಖರದ ಮೇಲುಗಡೆ ಮಸಿ ಬಣ್ಣದ ಮಚ್ಚೆಗಳು ಸಾಲಾಗಿ ಮೂಡಿದ್ದವು. ಮೊದಲು ಬೂಷ್ಟು ಎಂದುಕೊಂಡೆ. ಹತ್ತಿರ ಹಿಡಿದು ನೋಡಿದೆ. ಖಳಿಯ ತೇವಕ್ಕೆ ಹಿಂದಿನ ಶಾಯಿ ಕರಗಿ ಮುಂದಕ್ಕೆ ಬಂದಿತ್ತು. ಆಗ ನೆನಪಾಯಿತು.

ಹಾಳೆ ಬಿಡಿಸಲು ನೀರು ಚಿಮುಕಿಸಿದೆ. ಮಾಡಬಾರದ್ದು ಅದೇ. ಕೊನೆಯ ಪ್ರಯಾಣಿಕನ ಟೋಪಿಯ ಹಳದಿ ಹರಿದು ಕಾಲಿಗೆ ಬಂತು. ಕಾಗದ ಈರುಳ್ಳಿ ಸಿಪ್ಪೆಯ ಹಾಗೆ ಎರಡು ಪದರಾಗಿ, ಚಿತ್ರದ ಪದರ ನನ್ನ ಕೈಗೆ ಬಂತು, ಬರಹದ ಪದರ ಹಲಗೆಯಲ್ಲೇ ಉಳಿಯಿತು. ಹಲಗೆಯ ಮೇಲೆ ಅಕ್ಷರಗಳು ಮಗುಚಿ ಬಿದ್ದಿದ್ದವು. ಕ್ಷೌರದ ಕನ್ನಡಿ ತಂದು ಹಿಡಿದು ಓದಲು ನೋಡಿದೆ. ಹತ್ತು ಹನ್ನೆರಡು ಸಾಲು ಇದ್ದಿರಬೇಕು. ಎಲ್ಲ ಕದಡಿದ ನೀರು. ಒಂದೇ ಒಂದು ಕಡೆ ಎರಡು ಪದ ಉಳಿದಿದ್ದವು. ಉರ್ದು ಅಕ್ಷರ, ಮಾತು ಮಾತ್ರ ಕನ್ನಡ. ಅವನೂ ನನ್ನ ಹಾಗೇ ಕಲಿತವನಲ್ಲವೇ. "ಅಪ್ಪಗ ಹೇಳಬ್ಯಾಡ" ಎಂದು ಬರೆದಿತ್ತು. ಏನನ್ನು ಹೇಳಬಾರದು ಎನ್ನುವುದು ಖಳಿಯಲ್ಲಿ ಹೋಗಿತ್ತು.

ಆ ದಿನವೇ ಹುಮನಾಬಾದಕ್ಕೆ ಹೋಗಿ ನಾಗಮ್ಮನವರ ಮುಂದೆ ತಪ್ಪಾಯಿತೆಂದು ನಿಲ್ಲಬೇಕಿತ್ತು. ಬೈಯುತ್ತಿದ್ದರು, ಅಳುತ್ತಿದ್ದರು. ಆದರೆ ಜಹಾಜಿನವರ ಮೂಲಕ ಹುಡುಕಲು ಆಗಿನ್ನೂ ಸಮಯವಿತ್ತು. ಚಿತ್ರ ತಂದುಕೊಟ್ಟ ವ್ಯಾಪಾರಿಯೂ ಆಗಿನ್ನೂ ಬದುಕಿದ್ದ. ನಾನು ಹೋಗಲಿಲ್ಲ. ಆಟಕ್ಕೆ ಐದು ದಿನ ಉಳಿದಿದೆ ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ಹೆದರಿದ್ದೆ. ಸಾಹುಕಾರರಿಗೆ ಹೆದರಿದೆ, ಪಾಟೀಲರಿಗೆ ಹೆದರಿದೆ, ಎಲ್ಲಕ್ಕಿಂತ ಹೆಚ್ಚಾಗಿ ಹೆಸರು ಕೆಡುತ್ತದೆಂದು ಹೆದರಿದೆ.

ಚಿತ್ರವನ್ನು ಬೇರೆ ರಟ್ಟಿನ ಮೇಲೆ ಕೂರಿಸಿ, ನೋಡಿಕೊಂಡು ಪರದೆ ಬರೆದೆ. ಸಣ್ಣ ಕುಂಚ ತಗೊಂಡು ಚಿತ್ರವನ್ನೂ ದುರಸ್ತಿ ಮಾಡಿದೆ. ಕೊನೆಯವನ ಟೋಪಿಗೆ ಹೊಸ ಹಳದಿ ಹಚ್ಚಿದೆ. ಆಕಾಶದ ಮಚ್ಚೆಗಳ ಮೇಲೆ ಉದ್ದಕ್ಕೆ ಒಂದು ಬಿಳಿಯ ಮೋಡ ಬರೆದೆ. ಮೇಸ್ತ್ರಿ ಕಲಿಸಿದ್ದೇ ಅದು. ಮೋಡ ಚೆನ್ನಾಗಿಯೇ ಬಂತು, ಅದು ಇನ್ನೂ ಬೇಜಾರಿನ ಸಂಗತಿ. ಆಮೇಲೆ ಬಡಗಿಯ ಹತ್ತಿರ ಸಾಗವಾನಿ ಚೌಕಟ್ಟು ಮಾಡಿಸಿ, ಗಾಜು ಹಾಕಿಸಿ, ಹಿಂದೆ ತೆಳು ಹಲಗೆ ಬಡಿದು, ಅದರ ಮೇಲೆ ಖಾಕಿ ಕಾಗದ ಅಂಟಿಸಿದೆ.

ರಾಜೇಶ್ವರದ ಆಟದ ಸುದ್ದಿ ಹೇಳಿಬಿಡುತ್ತೇನೆ. ಗುಡ್ಡದ ಪರದೆ ಬಿಚ್ಚಿಕೊಂಡಾಗ ಜನ ಕತ್ತು ಚಾಚಿ ನೋಡಿದರು. ಶರಣರ ಪಾತ್ರಧಾರಿಗಳು ಗಂಟು ಹೊತ್ತು ಅದರ ಮುಂದೆ ನಡೆದಾಗ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಕುರಿ ಕಾಯುವ ಮಾಳಪ್ಪ ಎನ್ನುವ ಹಿರಿಯ ಮಾತ್ರ ಮರುದಿನ ರಂಗದ ಹತ್ತಿರ ಬಂದು ಪರದೆಯನ್ನು ಕೆಳಗಿಂದ ಮೇಲಿನತನಕ ನೋಡಿ, "ಪೇಂಟರ್ರ, ಈ ಗುಡ್ಡ ಭಾರಿ ಅದ ಖರೆ. ಆದ್ರ ಒಂದ್ ಹುಲ್ಲಿಲ್ಲ. ಇಲ್ಲಿ ಕುರಿ ಬದುಕಂಗಿಲ್ಲ," ಎಂದ. ಜೊತೆಗೆ, ಚಿತ್ರದ ಟೋಪಿಯವರನ್ನು ಯಾರನ್ನೂ ಪರದೆಗೆ ಇಳಿಸಿಲ್ಲವೆಂದು ನಾನು ತಿಳಿದಿದ್ದರೂ ಮರದ ಹಿಂದೆ ಒಬ್ಬ ಹಾಗೇ ಉಳಿದಿದ್ದ. ಅವನು ಯಾವ ಶರಣನೆಂದು ಹುಲಸೂರಿನವರೊಬ್ಬರು ಬಹಳ ದಿನ ಕೇಳುತ್ತಿದ್ದರು. ಆ ಒಂದು ಪರದೆಯಿಂದ ನನಗೆ ಹೆಸರು ಬಂತು. ಹಳ್ಳಿಖೇಡ, ಹುಲಸೂರ, ಗಡಿಯಾಚೆಯ ಊರುಗಳಿಂದಲೂ ಕರೆ ಬಂತು. ಗುಡ್ಡದ ಪೇಂಟರ್ ಎಂದೇ ಕರೆದರು. ಹಾಗೆ ಕರೆದಾಗಲೆಲ್ಲ ಎದೆಯಲ್ಲಿ ಒಂದು ಮುಳ್ಳು ಆಡುತ್ತಿತ್ತು, ಆದರೂ ಓಗೊಟ್ಟೆ.

ಎಂಟನೆಯ ದಿನ ಚಿತ್ರ ವಾಪಸ್ ಒಯ್ದೆ. ಸಾಹುಕಾರರು ಗಾಜು, ಚೌಕಟ್ಟು ನೋಡಿ ಖುಷಿಪಟ್ಟು ಶಹಬ್ಬಾಸ್ ಎಂದರು. ನಾಗಮ್ಮ ಚಿತ್ರದ ಹತ್ತಿರ ಮುಖ ತಂದು ನೋಡಿದರು.

"ಈ ಮೋಡ ಮೊದಲ ಇದ್ದಿಲ್ಲಲ್ರಿ?"

"ಧೂಳ ಕುಂತಿತ್ರಿ ಅಕ್ಕಾರ. ಒರಸಿದ ಮ್ಯಾಲ ಕಾಣಸಾಕತ್ತದ."

ಸಾಹುಕಾರರು ಅಂಗಡಿಗೆ ಎದ್ದುಹೋದ ಮೇಲೆ ಅವರು ಬಾಗಿಲ ಹತ್ತಿರ ಬಂದು ನಿಂತರು. ನನ್ನ ಮುಖ ನೋಡಿದರು. ಮೂರು ವರ್ಷದ ಕಾಯುವಿಕೆಯೆಲ್ಲ ಆ ನೋಟದಲ್ಲಿತ್ತು. ಓದಲಾಗಲಿಲ್ಲ ಎನ್ನುವ ಮಾತು ನಾಲಿಗೆಯತನಕ ಬಂದಿತ್ತು.

"ಆರಾಮ ಇದ್ದಾರಂತ್ರಿ," ಎಂದೆ. "ನಿಮ್ಮನ್ನ ಭಾಳ ನೆನಸ್ಯಾರ. ಅಪ್ಪಾರಿಗಿ ಹೇಳಬ್ಯಾಡ ಅಂತ ಬರದಾರ."

ಆಕೆ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದರು. ಕೊನೆಯ ಮಾತೊಂದು ಬಿಟ್ಟು ಉಳಿದದ್ದೆಲ್ಲ ನನ್ನ ಕಲ್ಪನೆ. ಅವನು ಆರಾಮ ಇದ್ದನೋ, ಆಸ್ಪತ್ರೆಯಲ್ಲಿದ್ದನೋ, ಬಾ ಎಂದು ಕರೆದಿದ್ದನೋ, ಯಾರಿಗೆ ಗೊತ್ತು.

ಮುಂದೆ ಹನ್ನೆರಡು ಹದಿಮೂರು ವರ್ಷ ಕೆಲಸದಲ್ಲಿ ಕಳೆದವು. ಆ ವರ್ಷಗಳಲ್ಲಿ ನಮ್ಮ ಕಸುಬೇ ಬದಲಾಯಿತು. ಸರೇಸು ಹೋಗಿ ಡಬ್ಬಿಯ ಬಣ್ಣ ಬಂತು. ಹಳ್ಳಿಗಳಿಗೆ ಕರೆಂಟು ಬಂದಾಗ ನಮ್ಮ ಪರದೆಗಳ ಮಾನ ಹೋಯಿತು. ಗ್ಯಾಸ್‌ಬತ್ತಿಯಲ್ಲಿ ಗುಡ್ಡದಂತೆ ಕಾಣುತ್ತಿದ್ದದ್ದು ಬಲ್ಬಿನ ಬೆಳಕಿನಲ್ಲಿ ಬಟ್ಟೆಯಂತೆ ಕಾಣತೊಡಗಿತು. ನೆರಳನ್ನು ಇನ್ನೂ ಗಾಢವಾಗಿ ಹಾಕಬೇಕೆಂದು ತಿಳಿಯುವಷ್ಟರಲ್ಲಿ ಒಂದೆರಡು ಮಂಡಳಿಗಳು ನಮ್ಮನ್ನು ಬಿಟ್ಟವು. ಮೇಸ್ತ್ರಿ ತೀರಿಕೊಂಡರು. ಸಿನಿಮಾ ಬಂದ ಮೇಲೆ ಆಟಗಳೇ ಕಡಿಮೆಯಾದವು. ನಾನು ಅಂಗಡಿಯ ಹಲಗೆ, ಶಾಲೆಯ ಗೋಡೆ, ಕಬ್ಬಿನ ಲಾರಿಗಳ ಹಿಂದೆ ಹಾರ್ನ್ ಹೊಡೆಯಿರಿ ಎಂದು ಬರೆದು ಹೊಟ್ಟೆ ಹೊರೆದೆ. ಅದಕ್ಕೆ ನಾಚಿಕೆಯಿಲ್ಲ. ಲಾರಿಯವರು ನನ್ನ ಅಕ್ಷರ ನೋಡಿ ಹಳ್ಳಿಖೇಡದಿಂದ ಕಲ್ಯಾಣದವರೆಗೂ ಬರುತ್ತಿದ್ದರು.

ಆ ಮಧ್ಯೆ ಹುಮನಾಬಾದದಲ್ಲಿ ಕೆಲಸವಿದ್ದರೂ ಸಾಹುಕಾರರ ಓಣಿಗೆ ಹೋಗದಂತೆ ಸುತ್ತಿ ಬಳಸಿ ನಡೆದಿದ್ದೇನೆ. ಹಾಗಿರುವಾಗ ಒಂದು ದಿನ ನಾಗಮ್ಮನೇ ಬಸ್ಸು ಹತ್ತಿ ನನ್ನ ಗೋದಾಮಿಗೆ ಬಂದರು. ತಲೆ ನರೆತಿತ್ತು. ಕಂಕುಳಲ್ಲಿ ಚಾದರದಲ್ಲಿ ಸುತ್ತಿದ ಚೌಕಟ್ಟು. ಅಪ್ಪ ತೀರಿಕೊಂಡು ತಿಂಗಳಾಯಿತು ಎಂದರು.

"ಈಗ ಅಂಜಿಕಿ ಇಲ್ಲಣ್ಣಾ. ಅಣ್ಣಗ ಪತ್ರ ಬರಸಬೇಕು. ಹಿಂದಿನ ಹಲಗಿ ಬಿಚ್ಚಿ ಯಾವೂರಂತ ಬರದಾನ ನೋಡ್ರಿ. ಆವನ ಅಕ್ಷರಾನೂ ಒಮ್ಮಿ ನೋಡ್ತೀನಿ. ಓದಾಕ ಬರದಿದ್ರೂ ಕೈಯಾಡಸ್ತೀನಿ."

ಅವರು ನನ್ನನ್ನು ಅಣ್ಣ ಎಂದದ್ದು ಅದೇ ಮೊದಲು. ಚಿಮಟಿಗೆ ನನ್ನ ಕೈಯಲ್ಲೇ ಇತ್ತು, ಮೊಳೆ ಕೀಳುವುದು ಒಂದು ನಿಮಿಷದ ಕೆಲಸ. ಒಳಗೆ ಬರೀ ರಟ್ಟು ಇದೆಯೆಂದು ನನಗೆ ಗೊತ್ತಿತ್ತು.

"ಬಿಚ್ಚಬಾರ್ದ್ರಿ ಅಕ್ಕಾರ," ಎಂದೆ. "ಹಳೀ ಕಾಗದ ಅದು. ಗಾಳಿ ತಾಕಿದ್ರ ಪುಡಿ ಆಗ್ತದ. ಊರ ಹೆಸರ ನನಗ ನೆನಪದ."

"ಇಷ್ಟ ವರ್ಷ ನೆನಪ ಇಟ್ಟೀರೇನ್ರಿ?" ಎಂದು ಕೇಳುವಾಗ ಅವರ ಕಣ್ಣು ತುಂಬಿ ಬಂತು. ನನ್ನ ಕಣ್ಣು ಗೋಡೆಯ ಮೇಲಿತ್ತು. ಶಾಲೆಗೆಂದು ಬರೆಯುತ್ತಿದ್ದ ಏಷ್ಯಾ ಖಂಡದ ನಕಾಶೆ ಅಲ್ಲಿ ಒಣಗುತ್ತಿತ್ತು. ಜಪಾನಿನ ದಡದಲ್ಲಿ ನಾನೇ ಹಿಂದಿನ ದಿನ ಇಟ್ಟ ನಾಲ್ಕಾರು ಚುಕ್ಕೆಗಳಲ್ಲಿ ಒಂದನ್ನು ಓದಿ ಹೇಳಿದೆ.

"ಕೋಬೆ ಅಂತ್ರಿ. ಬಂದರು ಅದ."

"ಕೋಬೆ," ಎಂದು ಅವರು ಎರಡು ಸಲ ಹೇಳಿಕೊಂಡರು. ತಲೆಯಲ್ಲಿ ಗಂಟು ಹಾಕಿಕೊಳ್ಳುವವರಂತೆ.

ಪತ್ರ ನಾನೇ ಬರೆದೆ. ಉರ್ದು ಅಕ್ಷರ, ಕನ್ನಡ ಮಾತು, ಅವನು ಓದುವಂತೆ. ಅವರು ಹೇಳುತ್ತ ಹೋದರು. ಅಪ್ಪ ಹೋದರು. ಕೊನೆಗಾಲಕ್ಕೆ ನಿನ್ನ ಹೆಸರು ಒಂದು ಸಲ ತಗೊಂಡರು, ಆಮೇಲೆ ತಗೊಂಡಿಲ್ಲವೆಂದು ನನಗೇ ಹೇಳಿದರು. ಅಂಗಡಿ ಮುಚ್ಚಿದೆ, ಮನೆ ತೆರೆದಿದೆ. ಹೆಂಡತಿ ಮಕ್ಕಳು ಇದ್ದರೆ ಅವರನ್ನೂ ಕರೆದುಕೊಂಡು ಬಾ, ಯಾವ ಜಾತಿಯವರಿದ್ದರೂ ನಾನು ಏನೂ ಅನ್ನುವುದಿಲ್ಲ. ಬರಲಿಕ್ಕೆ ಆಗದಿದ್ದರೆ ಒಂದು ಸಾಲು ಬರಿ. ಲಕೋಟೆಯ ಮೇಲೆ ಇಂಗ್ಲಿಷಿನಲ್ಲಿ ಮಾಣಿಕಪ್ಪನ ಹೆಸರು, ಜಹಾಜಿನ ಅಡಿಗೆಯವನು, ಕೋಬೆ ಬಂದರು, ಜಪಾನ್ ಎಂದು ಬರೆಸಿದೆ. ಉತ್ತರದ ವಿಳಾಸ ನನ್ನ ಗೋದಾಮಿನದು ಕೊಟ್ಟೆ. ವಾಪಸ್ ಬಂದರೆ ಅವರ ಬಾಗಿಲಿಗೆ ಹೋಗಬಾರದಲ್ಲ. ಅಷ್ಟು ಬುದ್ಧಿ ಮಾತ್ರ ಆಗ ಓಡಿತು.

ಏಳೆಂಟು ತಿಂಗಳ ಮೇಲೆ ಅಂಚೆಯವನು ಆ ಲಕೋಟೆಯನ್ನೇ ತಂದುಕೊಟ್ಟ. ಮೈತುಂಬ ಪರದೇಶದ ಮುದ್ರೆಗಳು, ಒಡೆದಿರಲಿಲ್ಲ. ಅಂಥ ಮನುಷ್ಯ ಇಲ್ಲವೆಂದು ಇಂಗ್ಲಿಷಿನಲ್ಲಿ ಗೀಚಿದ್ದನ್ನು ಶಾಲೆಯ ಮಾಸ್ತರರು ಓದಿ ಹೇಳಿದರು.

ಇನ್ನು ಸಾಕು ಎಂದು ನಿಶ್ಚಯಿಸಿದೆ. ಲಕೋಟೆಯನ್ನು ಚೀಲದಲ್ಲಿಟ್ಟುಕೊಂಡು ಹುಮನಾಬಾದಕ್ಕೆ ಹೋದೆ. ಖಳಿ ಬಳಿದದ್ದರಿಂದ ಹಿಡಿದು ಎಲ್ಲವನ್ನೂ ಹೇಳಿಬಿಡಬೇಕು, ಕಾಲಿಗೆ ಬೀಳಬೇಕಾದರೆ ಬೀಳಬೇಕು ಎಂದುಕೊಂಡೇ ಪಡಸಾಲೆ ಹತ್ತಿದೆ. ನಾಗಮ್ಮ ಗೋಡೆಗೆ ಆನಿಕೊಂಡು ಕೂತಿದ್ದರು. ಬಹಳ ಸೊರಗಿದ್ದರು, ಹೊಟ್ಟೆಯಲ್ಲಿ ಗಡ್ಡೆಯಂತೆ, ಬೀದರಿನ ಡಾಕ್ಟರು ಮನೆಗೆ ಕಳಿಸಿದ್ದಾರಂತೆ. ಪಕ್ಕದ ಮನೆಯ ಸೊಸೆ ಅಡುಗೆ ಮಾಡಿಕೊಟ್ಟು ಹೋಗುತ್ತಿದ್ದಳು. ತಲೆಯ ಮೇಲೆ ನನ್ನ ಚೌಕಟ್ಟಿನಲ್ಲಿ ಐದು ಜನ ಘಟ್ಟ ಏರುತ್ತಲೇ ಇದ್ದರು.

"ಜವಾಬ ಬಂತೇನಣ್ಣಾ?" ಎಂದರು.

ಚೀಲ ನನ್ನ ತೊಡೆಯ ಮೇಲಿತ್ತು. ಅದರ ಬಾಯಿಯ ದಾರದ ಮೇಲೆ ನನ್ನ ಬೆರಳಿತ್ತು. ಅವರ ಮುಖ ನೋಡಿದೆ. ಹೇಳಬೇಕಾಗಿದ್ದ ಕಾಲ ಹದಿನಾಲ್ಕು ವರ್ಷದ ಹಿಂದೆಯೇ ಮುಗಿದಿತ್ತೆಂದು ಆಗ ತಿಳಿಯಿತು. ಈಗ ಹೇಳಿದರೆ ಹಗುರವಾಗುವವನು ನಾನೊಬ್ಬನೇ.

"ಇನ್ನಾ ಇಲ್ರಿ ಅಕ್ಕಾರ. ದೂರದ ಹಾದಿ. ಆದ್ರ ಕಾಗದ ವಾಪಸ್ ಬಂದಿಲ್ಲ, ಅಂದ್ರ ಮುಟ್ಟ್ಯಾದ."

ಅವರು ಗೋಡೆ ಹಿಡಿದುಕೊಂಡು ಎದ್ದು, ಬೇಡವೆಂದರೂ ಕೇಳದೆ, ತಾವೇ ಒಲೆಯ ಹತ್ತಿರ ಹೋಗಿ ಚಹಾ ಮಾಡಿ ತಂದರು. ಬಸಿಯನ್ನು ನನ್ನ ಕೈಗೆ ಕೊಟ್ಟು ಎದುರಿಗೆ ಕೂತರು.

"ಆವ ಬರ್ಲಿ ಬಿಡ್ಲಿ. ನನ್ನ ಮಾತು ಆವನಿಗಿ ಮುಟ್ಟಿತಲ್ಲಾ, ಅಷ್ಟ ಸಾಕು. ನೀವಿಲ್ಲಂದ್ರ ಅದೂ ಆಗ್ತಿದ್ದಿಲ್ಲಣ್ಣಾ. ನಿಮ್ಮ ಉಪಕಾರ ಭಾಳ ಆತು."

ನಾನು ಆ ಚಹಾ ಪೂರ್ತಿ ಕುಡಿದೆ.